ಹಳೇ ಕ್ಲೈಂಟ್, ಹೊಸ ಟೈಮಿಂಗ್: ಹೇಗೆ ಹೇಳಲಿ?

ಬಣ್ಣದಡಬ್ಬಿ: ಮಗು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮತ್ತೆ ಫ್ರೀಲ್ಯಾನ್ಸ್ ಇಲಸ್ಟ್ರೇಷನ್ ಹಿಡಿದಿದ್ದೇನೆ. ಮೊದಲು ಬಂದವರು ಹಳೇ ಕ್ಲೈಂಟೇ, ಮಕ್ಕಳ ಪುಸ್ತಕದ ಮುಖಪುಟಕ್ಕೆ. ಮನುಷ್ಯ ಒಳ್ಳೆಯವರು, ದುಡ್ಡು ಬಾಕಿ ಇಡುವವರಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ವಾಯ್ಸ್ ಮೆಸೇಜ್: "ಆನೆ ಸ್ವಲ್ಪ ನಗ್ತಾ ಇರಲಿ." ನಗಿಸಿದೆ. ಮರುದಿನ, "ಆನೆ ಬದಲು ಕರಡಿ ಇದ್ರೆ ಹೇಗೆ?" ಸ್ಕೆಚ್ ಹಂತದಲ್ಲಲ್ಲ ಸ್ವಾಮಿ, ಬಣ್ಣ ಪೂರ್ತಿ ಮುಗಿದ ಮೇಲೆ! ಈಗ ಲೇಯರ್ ಇರುವ ಪಿಎಸ್‌ಡಿ ಫೈಲೂ (ಚಿತ್ರದ ಭಾಗಗಳನ್ನು ಬೇರೆ ಬೇರೆಯಾಗಿ ಬದಲಿಸಬಹುದಾದ ಫೋಟೋಶಾಪ್ ಮೂಲ ಫೈಲ್) ಬೇಕಂತೆ. ಮೊದಲಾದರೆ ರಾತ್ರಿ ಕೂತು ಮಾಡಿಬಿಡುತ್ತಿದ್ದೆ. ಈಗ ನನಗೆ ಸಿಗುವುದು ಶಾಲೆಯ ಹೊತ್ತು ಮಾತ್ರ. ಸಂಬಂಧ ಕೆಡದ ಹಾಗೆ ಹೇಗೆ ಹೇಳುವುದು?

ಪುಟ_ಕಟ್ಟುವವ: ನಗು ತಿದ್ದುಪಡಿ, ಕರಡಿ ಹೊಸ ಚಿತ್ರ. ಜಗಳದ ದನಿ ಬೇಡ. "ಕರಡಿ ಚೆನ್ನಾಗಿರುತ್ತೆ ಸರ್. ಇಷ್ಟು ದಿನ, ಇಷ್ಟು ಹಣ ಆಗುತ್ತೆ. ಶುರು ಮಾಡಲಾ?" ಎಂದು ಮೇಲ್ ಹಾಕಿ. ಬಿಲ್ ಕಂಡ ಕೂಡಲೇ ಎಷ್ಟೋ ಜನರಿಗೆ ಆನೆಯೇ ಚಂದ ಕಾಣುತ್ತದೆ. ಮುಂದಿನ ಕೆಲಸದಿಂದ ಸ್ಕೆಚ್‌ಗೆ ಬರಹದಲ್ಲಿ ಒಪ್ಪಿಗೆ ಬರುವವರೆಗೆ ಬಣ್ಣ ಮುಟ್ಟಬೇಡಿ. ಎಷ್ಟು ಸಲ ತಿದ್ದಿಕೊಡುತ್ತೀರಿ ಅನ್ನುವುದೂ ಕೊಟೇಶನ್‌ನಲ್ಲೇ ಇರಲಿ.

ಶಾಯಿಕಲೆ: ಪಿಎಸ್‌ಡಿ ಸುಮ್ನೆ ಕೊಡಬೇಡಿ. ಪ್ರಿಂಟಿಗೆ ಅಚ್ಚಿನ ಅಳತೆಯಲ್ಲೇ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರುವ, ಲೇಯರ್ ಇಲ್ಲದ ಟಿಫ್ ಫೈಲ್ ಸಾಕು, ಸುತ್ತ ಬ್ಲೀಡ್ (ಅಂಚು ಕತ್ತರಿಸುವಾಗ ಹೋಗುವಷ್ಟು ಹೆಚ್ಚುವರಿ ಚಿತ್ರ) ಬಿಟ್ಟಿರಿ. ಲೇಯರ್ ಕೈಗೆ ಸಿಕ್ಕರೆ ನಿಮ್ಮ ಆನೆ ನಾಳೆ ಕ್ಯಾಲೆಂಡರ್ ಮೇಲೂ ಬರುತ್ತದೆ, ಬ್ಯಾಗ್ ಮೇಲೂ ಬರುತ್ತದೆ. ಮುಖಪುಟಕ್ಕೆ ಮಾತ್ರ ಎಂದು ಬರೆದಿದ್ದೀರಾ? ಇಲ್ಲದಿದ್ದರೆ ಈಗಲೇ ಬರೆಯಿರಿ. ಅದಕ್ಕೂ ಮೊದಲು ಪಿಎಸ್‌ಡಿ ಯಾಕೆ ಬೇಕು ಅಂತ ಕೇಳಿ. ಎಷ್ಟೋ ಸಲ ಪುಸ್ತಕದ ಹೆಸರು ಕೂರಿಸಲು ಮೇಲೆ ಜಾಗ ಸಾಲದು, ಅಷ್ಟೇ. ಹಿನ್ನೆಲೆ ಹಿಗ್ಗಿಸಿ ಕೊಟ್ಟರೆ ಮುಗೀತು.

ರಾತ್ರಿಪಾಳಿ: ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. ಕೆಲಸದ ಹೊತ್ತು ಮುಗಿದ ಮೇಲೆ ಅದು ತಾನಾಗಿಯೇ ಉತ್ತರ ಕಳಿಸುತ್ತದೆ.

ಪುಟ_ಕಟ್ಟುವವ: ಹಳೇ ಪರಿಚಯದವರಿಗೆ ಮಷೀನ್ ಉತ್ತರವೇ? ನನಗೆ ಸರಿ ಕಾಣಲಿಲ್ಲ. ಒಂದು ಫೋನ್ ಮಾಡಿ, "ಸಂಜೆ ಮೇಲೆ ನಾನು ಸಿಗಲ್ಲ ಸರ್, ಬೆಳಿಗ್ಗೆ ಮೊದಲು ನಿಮ್ಮದೇ ನೋಡ್ತೀನಿ" ಅನ್ನಿ. ಹೇಳಿದ ಮೇಲೆ ರಾತ್ರಿ ನೀವೂ ಉತ್ತರ ಕೊಡಬಾರದು, ಒಂದು ಥಂಬ್ಸ್‌ಅಪ್ ಕೂಡ ಬೇಡ.

ಬಣ್ಣದಡಬ್ಬಿ: ಫೋನ್ ಮಾಡಿದೆ, "ಅಯ್ಯೋ, ಮೊದಲೇ ಹೇಳಬಾರದಾ" ಅಂದರು! ಪಿಎಸ್‌ಡಿ ಬೇಕಿದ್ದದ್ದು ಹೆಸರು ಕೂರಿಸಲೇ. ಕರಡಿ ಮಾತ್ರ ಬೇಕೇ ಬೇಕಂತೆ, ರೇಟೂ ಒಪ್ಪಿದರು. ಅರ್ಧ ಅಡ್ವಾನ್ಸ್ ಕೇಳಿದ್ದೇನೆ, ಇನ್ನೂ ಬಂದಿಲ್ಲ. ಬರುವವರೆಗೆ ಸ್ಕೆಚ್ ಕೂಡ ಶುರು ಮಾಡಬಾರದು, ಅಲ್ವಾ?

ಶಾಯಿಕಲೆ: ಬೇಡವೇ ಬೇಡ.