ಸರ್ವೆ ನಂಬರ್ ತಾರೀಖಾಗಿಬಿಟ್ಟಿದೆ, ಯಾವ ಕಾಲಂಗೆ ಯಾವ ಡೇಟಾ ಟೈಪ್ ಕೊಡಬೇಕು?

ಪ್ರಶ್ನೆ (ಜಗಳೂರಿನಿಂದ):
ಮೇಡಂ, ನಮಸ್ಕಾರ. ದಾವಣಗೆರೆಯಲ್ಲಿ ಭೂಗೋಳ ಎಂ.ಎ. ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ನಮ್ಮೂರಿನ ಹೊಲಗಳನ್ನೆಲ್ಲ ಕ್ಯೂಜಿಐಎಸ್‌ನಲ್ಲಿ (ನಕ್ಷೆ ಬರೆಯುವ ಸಾಫ್ಟ್‌ವೇರ್) ಬರೆದು ಮುಗಿಸಿದ್ದೇನೆ. ಪಹಣಿ ವಿವರ ಎಕ್ಸೆಲ್‌ನಲ್ಲಿದೆ. ಸರ್ವೆ ನಂಬರ್ ಮೇಲೆ ಎರಡನ್ನೂ ಜಾಯಿನ್ ಮಾಡಿದರೆ ಕೆಲವು ಹೊಲಗಳಿಗೆ ಮಾತ್ರ ವಿವರ ಬರುತ್ತೆ, ಉಳಿದದ್ದೆಲ್ಲ ನಲ್, ಅಂದರೆ ಖಾಲಿ. ವಿಸ್ತೀರ್ಣದ ಮೊತ್ತವೂ ತಾಳೆ ಆಗ್ತಿಲ್ಲ. ಹೊಸ ಫೀಲ್ಡ್ ಮಾಡುವಾಗ ಇಂಟೀಜರ್ (ಪೂರ್ಣ ಸಂಖ್ಯೆ), ಡೆಸಿಮಲ್ (ದಶಮಾಂಶ), ಟೆಕ್ಸ್ಟ್ (ಬರಹ) ಅಂತ ಕೇಳುತ್ತಲ್ಲ, ಅಲ್ಲೇ ಎಡವಿದ್ದೇನೆ ಅನ್ನಿಸುತ್ತೆ. ಯಾವುದಕ್ಕೆ ಯಾವುದು ಕೊಡಬೇಕು?

ಉತ್ತರ (ಚಿತ್ರದುರ್ಗ, ಜಿಐಎಸ್ ಕೆಲಸ):
ನಿಮ್ಮ ಅನುಮಾನ ಸರಿ ಇದೆ. ಮೊದಲು ಎಕ್ಸೆಲ್ ಫೈಲ್ ತೆಗೆದು ಸರ್ವೆ ನಂಬರ್ ಕಾಲಂ ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ. 112/3 ಹಾಗೇ ಇರುತ್ತೆ. 12/3 ಮಾತ್ರ 12-ಮಾರ್ಚ್ ಆಗಿರುತ್ತೆ. ತಿಂಗಳಲ್ಲಿ 112ನೇ ತಾರೀಖು ಇಲ್ಲ, 12ನೇ ತಾರೀಖು ಇದೆ. ಅದಕ್ಕೇ ಎಕ್ಸೆಲ್ ಒಂದನ್ನು ಬಿಟ್ಟು ಇನ್ನೊಂದನ್ನು ತಾರೀಖು ಮಾಡಿಕೊಂಡಿದೆ. ನಿಮಗೆ ಕೆಲವಕ್ಕೆ ಮಾತ್ರ ವಿವರ ಬಂದಿರುವುದು ಹೀಗೆ.

ಈಗ ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಬದಲಾಯಿಸಿದರೆ 12/3 ವಾಪಸ್ ಬರಲ್ಲ. 45363 ಥರದ ಒಂದು ಸಂಖ್ಯೆ ಬರುತ್ತೆ. ಎಕ್ಸೆಲ್ ಒಳಗೆ ತಾರೀಖು ಇಡುವುದು ದಿನಗಳ ಎಣಿಕೆಯಾಗಿ, 2024ರ ಮಾರ್ಚ್ 12 ಅದಕ್ಕೆ 45363ನೇ ದಿನ. ಹಾಗಾಗಿ ಮೂಲ ಸಿಎಸ್‌ವಿ ಇದ್ದರೆ ಅದರಿಂದಲೇ ಹೊಸದಾಗಿ ಶುರು ಮಾಡಿ. ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಇಂಪೋರ್ಟ್ ಮಾಡುವಾಗಲೇ ಆ ಕಾಲಂಗೆ ಟೆಕ್ಸ್ಟ್ ಅಂತ ಹೇಳಿ. ಕೈಯಿಂದ ಟೈಪ್ ಮಾಡಿದ್ದಾದರೆ ಮೊದಲು ಕಾಲಂ ಟೆಕ್ಸ್ಟ್ ಮಾಡಿಕೊಂಡು ಆಮೇಲೆ ತುಂಬಿ.

ಯಾವುದಕ್ಕೆ ಯಾವುದು ಅಂತ ಕೇಳಿದಿರಿ. ನಾನು ಯಾವ ಕಾಲಂ ನೋಡಿದರೂ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದನ್ನು ಕೂಡಿದರೆ ಅರ್ಥ ಬರುತ್ತಾ? ಎರಡು ಸರ್ವೆ ನಂಬರ್ ಕೂಡಿದರೆ ಏನೂ ಸಿಗಲ್ಲ. ಅದು ಅಂಕಿಯಲ್ಲಿ ಬರೆದ ಹೆಸರು, ಹಾಗಾಗಿ ಟೆಕ್ಸ್ಟ್. ಪಿನ್ ಕೋಡ್, ಖಾತೆ ನಂಬರ್, ಜನಗಣತಿಯ ಗ್ರಾಮದ ಕೋಡ್ ಎಲ್ಲವೂ ಹಾಗೇ. 2011ರ ಜನಗಣತಿಯಲ್ಲಿ ತಾಲ್ಲೂಕು ಕೋಡ್ 5 ಅಂಕಿ, ಶುರುವಾಗುವುದೇ ಸೊನ್ನೆಯಿಂದ. ಇಂಟೀಜರ್ ಕೊಟ್ಟರೆ ಆ ಸೊನ್ನೆ ಉದುರುತ್ತೆ, ಜಾಯಿನ್ ಮುರಿಯುತ್ತೆ. ಮೊಬೈಲ್ ನಂಬರ್ ಅಂತೂ ಲಾಂಗ್ ಇಂಟೀಜರ್‌ನಲ್ಲಿ (32 ಬಿಟ್‌ನದು) ಹಿಡಿಸುವುದೇ ಇಲ್ಲ, ಅದರ ಮಿತಿ 2,14,74,83,647. ಶಾರ್ಟ್ ಇಂಟೀಜರ್ 32,767ಕ್ಕೇ ನಿಲ್ಲುತ್ತೆ.

ಪ್ರಶ್ನೆ (ಜಗಳೂರು):
ನೋಡಿದೆ ಮೇಡಂ, ನೀವು ಹೇಳಿದಂತೆಯೇ ಆಗಿದೆ. ವಿಸ್ತೀರ್ಣಕ್ಕೆ ಮಾತ್ರ ನಾನು ಡೆಸಿಮಲ್ಲೇ ಕೊಟ್ಟಿದ್ದೇನೆ. 2 ಎಕರೆ 20 ಗುಂಟೆಗೆ 2.20 ಅಂತ ಹಾಕಿದ್ದೇನೆ. ಅದು ಸರಿ ತಾನೇ?

ಉತ್ತರ:
ಇಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಟೈಪ್ ಸರಿ ಇದ್ದೂ ಒಳಗಿನ ಬೆಲೆ ತಪ್ಪಿದೆ. ಸಾಫ್ಟ್‌ವೇರ್ ಯಾವ ಎಚ್ಚರಿಕೆಯನ್ನೂ ಕೊಡಲ್ಲ.

ಎಕರೆಗೆ 40 ಗುಂಟೆ. 2 ಎಕರೆ 20 ಗುಂಟೆ ಅಂದರೆ ಎರಡೂವರೆ ಎಕರೆ, ಅಂದರೆ 2.5. ಪಕ್ಕದ ಹೊಲ 1 ಎಕರೆ 30 ಗುಂಟೆ ಅಂದುಕೊಳ್ಳಿ. ಎರಡೂ ಸೇರಿ 4 ಎಕರೆ 10 ಗುಂಟೆ ಆಗಬೇಕು. ನಿಮ್ಮ ಟೇಬಲ್ 2.20ಕ್ಕೆ 1.30 ಕೂಡಿ 3.50 ಅನ್ನುತ್ತೆ. ಎರಡೇ ಹೊಲಕ್ಕೆ 30 ಗುಂಟೆ ಹೋಯಿತು! ಇನ್ನೊಂದು ತೊಂದರೆ, 2.20 ಅಂತ ಹಾಕಿದ್ದನ್ನು ಡೆಸಿಮಲ್ ಫೀಲ್ಡ್ 2.2 ಅಂತ ತೋರಿಸಬಹುದು. ಅದು 20 ಗುಂಟೆಯೋ 2 ಗುಂಟೆಯೋ? ಪಹಣಿ ತೆಗೆದು ನೋಡದೆ ಹೇಳಲು ಆಗಲ್ಲ.

ನನಗೇ ಇದು ಆಗಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯ ಪಟ್ಟಿ ಹೀಗೇ ಬಂದಿತ್ತು. ಮೊತ್ತ ಹಾಕಿ ಕೊಟ್ಟೂಬಿಟ್ಟೆ. ಒಬ್ಬ ಹಿರಿಯ ರೈತರು ನಕ್ಷೆಯ ಮೇಲೆ ತಮ್ಮ ಹೊಲ ಹುಡುಕಿ, "ಏನವ್ವಾ, ನಂದು ಇಷ್ಟೇನಾ?" ಅಂತ ಕೇಳಿದಾಗಲೇ ಗೊತ್ತಾಗಿದ್ದು. ಆ ಪಟ್ಟಿಯನ್ನು ಪಹಣಿ ಇಟ್ಟುಕೊಂಡು ಮೊದಲಿಂದ ಮಾಡಿದೆ. ಒಂದು ವಾರ ಹಿಡಿಯಿತು.

ಹಾಗಾಗಿ ಮೂರು ಕಾಲಂ ಮಾಡಿ: ಎಕರೆ, ಗುಂಟೆ, ಆಣೆ. ಮೂರೂ ಇಂಟೀಜರ್. ಆಣೆ ಭಿನ್ನದಲ್ಲಿ ಬಂದರೆ ಅದೊಂದಕ್ಕೆ ಡೆಸಿಮಲ್ ಕೊಡಿ. ನಾಲ್ಕನೆಯದು ಲೆಕ್ಕದ ಕಾಲಂ, ಡೆಸಿಮಲ್. ಅದಕ್ಕೆ ಫೀಲ್ಡ್ ಕ್ಯಾಲ್ಕ್ಯುಲೇಟರ್‌ನಲ್ಲಿ ಎಕರೆಗೆ ಗುಂಟೆ/40.0 ಮತ್ತು ಆಣೆ/640.0 ಕೂಡಿ. ಗುಂಟೆಗೆ 16 ಆಣೆ, ಅದಕ್ಕೆ 640. 40 ಬದಲು 40.0 ಅಂತ ಬರೆಯುವ ಅಭ್ಯಾಸ ಇಟ್ಟುಕೊಳ್ಳಿ. ಕ್ಯೂಜಿಐಎಸ್‌ನಲ್ಲಿ ಎರಡೂ ಒಂದೇ, ಆದರೆ ಮುಂದೆ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ಗೆ ಹೋದಾಗ ಅಲ್ಲಿ 20/40 ಅಂದರೆ 0. ಇಂಟೀಜರನ್ನು ಇಂಟೀಜರಿನಿಂದ ಭಾಗಿಸಿದರೆ ಅದು ಭಿನ್ನದ ಭಾಗ ಬಿಟ್ಟುಬಿಡುತ್ತೆ.

ಕೊನೆಗೆ ನಕ್ಷೆಯಲ್ಲಿ ಬರೆದ ಹೊಲದ ಚದರ ಮೀಟರನ್ನು 4046.86ರಿಂದ ಭಾಗಿಸಿ, ಬಂದ ಎಕರೆಯನ್ನು ಪಹಣಿ ಎಕರೆಯ ಪಕ್ಕದಲ್ಲಿಟ್ಟು ನೋಡಿ. ಅಜಗಜಾಂತರ ಇರುವ ಹೊಲಗಳನ್ನು ಮಾತ್ರ ತೆರೆದು ಪರೀಕ್ಷಿಸಿದರೆ ಸಾಕು.

ಪ್ರಶ್ನೆ (ಹೊಸದುರ್ಗದಿಂದ, ಇನ್ನೊಬ್ಬರು):
ಮಧ್ಯೆ ಕೇಳ್ತಿದ್ದೀನಿ, ಕ್ಷಮಿಸಿ ಮೇಡಂ. ನನ್ನ ಶೇಪ್‌ಫೈಲ್‌ನಲ್ಲಿ (ನಕ್ಷೆ ಉಳಿಸುವ ಒಂದು ಬಗೆಯ ಫೈಲ್) ಕನ್ನಡ ಊರ ಹೆಸರು ಅರ್ಧಕ್ಕೇ ನಿಲ್ಲುತ್ತೆ. ಫೀಲ್ಡ್ ಉದ್ದ 20 ಕೊಟ್ಟಿದ್ದೇನೆ, ಸಾಲಲ್ವಾ? ಇನ್ನೊಂದು, ಬೋರ್‌ವೆಲ್ ಸರ್ವೆಯಲ್ಲಿ ನೀರು ಎಷ್ಟು ಇಂಚು ಅಂತ ಒಂದು ಕಾಲಂ ಇದೆ. ಅಳೆಯದೇ ಇರುವುದಕ್ಕೆ 0 ಹಾಕಬಹುದಾ?

ಉತ್ತರ:
ಕ್ಷಮೆ ಯಾಕೆ, ಒಳ್ಳೆಯ ಪ್ರಶ್ನೆಗಳು. ಆ 20 ಲೆಕ್ಕ ಅಕ್ಷರದ್ದಲ್ಲ, ಬೈಟ್‌ನದು. ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಗುಣಿತದ ಗುರುತು, ಅರ್ಧಾಕ್ಷರದ ಗುರುತು ಕೂಡ ಬೇರೆ ಬೇರೆ ಚಿಹ್ನೆಗಳೇ. ಹೊಳಲ್ಕೆರೆ ಅನ್ನುವುದರಲ್ಲಿ ಹ, ಒತ್ವ, ಳ, ಲ, ಅರ್ಧಾಕ್ಷರದ ಗುರುತು, ಕ, ಎತ್ವ, ರ, ಎತ್ವ ಸೇರಿ 9 ಚಿಹ್ನೆ, 27 ಬೈಟ್. 20ಕ್ಕೆ "ಹೊಳಲ್ಕ" ತನಕ ಮಾತ್ರ ಹಿಡಿಸುತ್ತೆ. 100 ಕೊಡಿ. ಶೇಪ್‌ಫೈಲ್‌ನಲ್ಲಿ ಟೆಕ್ಸ್ಟ್ 254ರ ತನಕ ಹೋಗುತ್ತೆ. ಕಾಲಂ ಹೆಸರಿಗೆ ಅಲ್ಲಿ ಹತ್ತೇ ಅಕ್ಷರ ಜಾಗ, ಅದನ್ನು ಇಂಗ್ಲಿಷ್‌ನಲ್ಲಿ ಇಡುವುದೇ ಕ್ಷೇಮ. ನನ್ನನ್ನು ಕೇಳಿದರೆ ಜಿಯೋಪ್ಯಾಕೇಜ್ ಅನ್ನುವ ಇನ್ನೊಂದು ಬಗೆಯ ಫೈಲ್‌ಗೆ ಬನ್ನಿ, ಈ ತಲೆನೋವು ಯಾವುದೂ ಇರಲ್ಲ. ತಾರೀಖಿನ ಜೊತೆ ಗಂಟೆ ನಿಮಿಷವೂ ಉಳಿಯುತ್ತೆ. ಶೇಪ್‌ಫೈಲ್‌ನ ಡೇಟ್ ಟೈಪ್‌ನಲ್ಲಿ ತಾರೀಖು ಮಾತ್ರ ನಿಲ್ಲುವುದು.

ಇಂಚಿನ ಕಾಲಂಗೆ ಡೆಸಿಮಲ್ ಕೊಡಿ, ಒಂದೂವರೆ ಇಂಚು ಅಂತಾನೂ ಹೇಳ್ತಾರಲ್ಲ. ಆದರೆ ಅಳೆಯದಿರುವುದಕ್ಕೆ 0 ಬೇಡವೇ ಬೇಡ. ನಮ್ಮ ಕಡೆ 0 ಅಂದರೆ ಬೋರ್ ಫೇಲ್ ಆಗಿದೆ ಅಂತ. ಒಬ್ಬರ ಸಾಲದ ಕಥೆ ಅದು. ಐದು ಬೋರ್ ಇವೆ ಅನ್ನಿ: 2, 3, 1 ಇಂಚು, ಒಂದು ಫೇಲ್, ಒಂದು ಅಳೆದಿಲ್ಲ. ಅಳೆಯದ್ದನ್ನು ನಲ್ ಬಿಟ್ಟರೆ ಸರಾಸರಿ 1.5. ಅದಕ್ಕೂ 0 ಹಾಕಿದರೆ 1.2 ಆಗುತ್ತೆ, ಫೇಲ್ ಆದ ಬೋರ್ ಒಂದಲ್ಲ ಎರಡು ಅಂತಲೂ ಆಗುತ್ತೆ. ಶೇಪ್‌ಫೈಲ್ ಇಲ್ಲೂ ಕೈಕೊಡುತ್ತೆ, ಕೆಲವು ಸಾಫ್ಟ್‌ವೇರ್‌ಗಳಿಂದ ಉಳಿಸಿದಾಗ ಖಾಲಿ ಮನೆ ಸೊನ್ನೆಯಾಗಿ ಹೋಗುತ್ತೆ.

ಮಣ್ಣಿಗೆ 1 ಎರೆ, 2 ಕೆಂಪು, 3 ಮರಳು ಅಂತ ಕೋಡ್ ಹಾಕಿದ್ದರೆ ಅದನ್ನೂ ಟೆಕ್ಸ್ಟ್ ಮಾಡಿ. ಸರಾಸರಿ 1.7 ಅನ್ನುವ ಮಣ್ಣು ಯಾವ ಹೊಲದಲ್ಲೂ ಇಲ್ಲ.

ಪ್ರಶ್ನೆ (ಜಗಳೂರು):
ಮೇಡಂ, ಸಿಎಸ್‌ವಿಯಿಂದ ಮತ್ತೆ ಮಾಡಿದೆ. ಬಹುಪಾಲು ಕೂಡಿಕೊಂಡಿವೆ. ನಾಲ್ಕು ಹೊಲ ಮಾತ್ರ ಇನ್ನೂ ನಲ್. ಎರಡೂ ಕಡೆ 12/3 ಅಂತಾನೇ ಕಾಣುತ್ತೆ!

ಉತ್ತರ:
ಕಣ್ಣಿಗೆ ಕಾಣದ ಸ್ಪೇಸ್ ಇರುತ್ತೆ, 3 ಆದಮೇಲೆ. ಎರಡೂ ಕಡೆ ಟ್ರಿಮ್ ಫಂಕ್ಷನ್ ಹಾಕಿ ಹೊಸ ಕಾಲಂ ಮಾಡಿ, ಅದರ ಮೇಲೆ ಜಾಯಿನ್ ಮಾಡಿ. ಆಗಲೂ ಉಳಿದರೆ ಪಹಣಿಯಿಂದ ಬಂದ ಸಾಲುಗಳಲ್ಲಿ ಮಧ್ಯೆ ನಕ್ಷತ್ರ ಇದೆಯಾ ನೋಡಿ, 12/*/3 ಅಂತ. ಸರ್ವೆ ನಂಬರ್‌ಗೂ ಹಿಸ್ಸಾಕ್ಕೂ (ಅದರ ಉಪಭಾಗದ ಸಂಖ್ಯೆ) ನಡುವೆ ಇರುವ ಸರ್ನಾಕ್ ಗುರುತು ಅದು. ನಕ್ಷೆಯಲ್ಲಿ ನೀವು ಅದನ್ನು ಬರೆದಿರಲ್ಲ. ತೆಗೆಯುವ ಮುಂಚೆ ಆ ಜಾಗದಲ್ಲಿ ಎಲ್ಲದಕ್ಕೂ ನಕ್ಷತ್ರವೇ ಇದೆಯಾ ಖಾತ್ರಿ ಮಾಡಿಕೊಳ್ಳಿ. ಬೇರೆ ಅಕ್ಷರ ಇದ್ದರೆ ಅದು ಬೇರೆ ಹೊಲ.