ಪದಚರ್ಚೆ: 1381ರದ್ದು ದಂಗೆಯೋ, ಬಂಡಾಯವೋ? ‘ಟ್ರೀಸನ್’, ‘ಅಟೇಂಡರ್’ ಪದಗಳಿಗೆ ಕನ್ನಡವೇನು?

ಬಳಗದ ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಹಳೆಯ ಜನಹೋರಾಟಗಳ ಬಗ್ಗೆ ಕಾಲೇಜು ಮಕ್ಕಳು ಓದುವಂಥ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಪದಗಳ ಹತ್ತಿರ ಬಂದಾಗಲೆಲ್ಲ ಕೈ ನಿಲ್ಲುತ್ತಿದೆ. ರಿವೋಲ್ಟ್, ರೆಬೆಲಿಯನ್, ರೈಸಿಂಗ್ ಮೂರಕ್ಕೂ ನಿಘಂಟುಗಳು ‘ದಂಗೆ, ಬಂಡಾಯ’ ಎಂದು ಒಟ್ಟಿಗೇ ಕೊಟ್ಟು ಮುಂದೆ ಹೋಗುತ್ತವೆ. ನನ್ನ ಕಿವಿಗೆ ಈ ಎರಡೂ ಒಂದೇ ಅಲ್ಲ. ನಿಮಗೂ ಹಾಗೆ ಅನಿಸುತ್ತದೆಯೇ ಎಂದು ಕೇಳಬೇಕು.

ಮೊದಲು 1381ರ ಸಂಗತಿ. ಇಂಗ್ಲಿಷಿನಲ್ಲಿ ಇದಕ್ಕೆ ಪೆಸಂಟ್ಸ್ ರಿವೋಲ್ಟ್ ಎನ್ನುತ್ತಾರೆ, ನಮ್ಮ ಪಠ್ಯಗಳಲ್ಲಿ ‘ರೈತರ ದಂಗೆ’ ಎಂದಿರುತ್ತದೆ. 1348-49ರ ಪ್ಲೇಗಿನಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತರು. ಆಳುಗಳು ಸಿಗದೆ ಕೂಲಿ ಏರಿತು. ಏರಬಾರದು ಎಂದು 1351ರಲ್ಲಿ ಕಾನೂನು ತಂದರು. ಅದರ ಮೇಲೆ ಫ್ರಾನ್ಸಿನ ಜೊತೆ ಮುಗಿಯದ ಯುದ್ಧ, ಅದರ ಖರ್ಚಿಗೆ ತಲೆಗಂದಾಯ. 1377ರಲ್ಲಿ ತಲೆಗೆ 4 ಪೆನ್ನಿ ಇದ್ದದ್ದು 1380ರ ಕೊನೆಯ ಹೊತ್ತಿಗೆ 12 ಪೆನ್ನಿ ಆಯಿತು. ಎಸೆಕ್ಸ್‌ನ ಬ್ರೆಂಟ್‌ವುಡ್‌ನಲ್ಲಿ ವಸೂಲಿಗೆ ಬಂದವರನ್ನು ಊರವರು ಓಡಿಸಿದರು. ಕೆಂಟ್‌ನಲ್ಲೂ ಜನ ಎದ್ದರು. ಎರಡು ವಾರದೊಳಗೆ ವಾಟ್ ಟೈಲರ್‌ನ ಹಿಂದೆ ಸಾವಿರಾರು ಜನ ಲಂಡನ್ನಿನ ಬಾಗಿಲಲ್ಲಿದ್ದರು.

ಇಲ್ಲಿ ‘ರೈತ’ ಎಂಬ ಪದವೇ ಪೂರ್ತಿ ಸರಿ ಹೊಂದುವುದಿಲ್ಲ. ಗುಂಪಿನಲ್ಲಿ ಬಡಗಿಗಳು, ನೇಕಾರರು, ಊರ ಮುಖಂಡರು, ಸಣ್ಣಪುಟ್ಟ ಪಾದ್ರಿಗಳು ಇದ್ದರು. ಲಂಡನ್ನಿನ ಎಷ್ಟೋ ಜನ ಒಳಗಿನಿಂದಲೇ ಕೈಜೋಡಿಸಿದರು. ಬೇಸಾಯದವರೂ ನಮ್ಮ ಅರ್ಥದ ರೈತರಲ್ಲ, ಬಹಳಷ್ಟು ಮಂದಿ ‘ವಿಲೆನ್’ಗಳು. ಇವರನ್ನು ಕೆಲವರು ‘ಜೀತದಾಳು’ ಎಂದು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಜೀತ ಎಂದರೆ ನಮ್ಮಲ್ಲಿ ಸಾಲದ ನೆನಪು ಬರುತ್ತದೆ. ವಿಲೆನ್‌ಗೆ ಉಳುವುದಕ್ಕೆ ಸ್ವಂತ ಹಿಡುವಳಿ ಇತ್ತು. ಆದರೆ ವಾರದಲ್ಲಿ ಇಷ್ಟು ದಿನ ಎಂದು ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಮಗಳ ಮದುವೆಗೆ ಒಡೆಯನಿಗೆ ಕಾಣಿಕೆ ಕೊಡಬೇಕು, ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯ ಒಳ್ಳೆಯ ದನವೊಂದನ್ನು ಒಪ್ಪಿಸಬೇಕು. ಹಾಗಾಗಿ ‘ಬಿಟ್ಟಿ ಒಕ್ಕಲು’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ತಿಳಿಸಿ.

ಈಗ ದಂಗೆ, ಬಂಡಾಯದ ವಿಚಾರ. ‘ದಂಗೆ ಎದ್ದರು’ ಎನ್ನುವಾಗ ಮಾತಿಗೆ ಒಂದು ಕಸುವು ಇದೆ, ನಿಜ. ಆದರೆ ಬರೀ ‘ದಂಗೆ’ ಅಂದರೆ ಇವತ್ತಿನ ಓದುಗರಿಗೆ ಕಲ್ಲು ತೂರಾಟ, ಬೆಂಕಿ, ಕರ್ಫ್ಯೂ ಕಣ್ಣ ಮುಂದೆ ಬರುತ್ತದೆ. 1857ಕ್ಕೆ ‘ಸಿಪಾಯಿ ದಂಗೆ’ ಎನ್ನುವುದನ್ನು ನಾವು ಬಿಟ್ಟದ್ದೂ ಇದೇ ಕಾರಣಕ್ಕೆ ಅಲ್ವಾ? ಬಂಡಾಯ ಹಾಗಲ್ಲ. 1979ರ ನಂತರದ ಬಂಡಾಯ ಸಾಹಿತ್ಯ, 1980ರ ನರಗುಂದದ ರೈತ ಬಂಡಾಯ, ಇವೆಲ್ಲ ಆದ ಮೇಲೆ ಆ ಪದಕ್ಕೆ ಮರ್ಯಾದೆ ಬಂದಿದೆ. ಅನ್ಯಾಯ ಆಗಿದೆ, ಅದಕ್ಕೇ ಎದ್ದಿದ್ದಾರೆ ಎಂಬ ಭಾವ ಅದರೊಳಗೇ ಇದೆ. 1837ರಲ್ಲಿ ಸುಳ್ಯದ ಕಡೆಯಿಂದ ಮಂಗಳೂರಿಗೆ ನಡೆದ ಜನರ ಹೋರಾಟಕ್ಕೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರು ಅಂಟಿಕೊಂಡಿತ್ತು. ಈಗ ಅದನ್ನು ಸ್ವಾತಂತ್ರ್ಯ ಹೋರಾಟ ಎಂದು ಕರೆಯುತ್ತೇವೆ. ಹೆಸರು ಇಟ್ಟವರು ಯಾರು ಎಂಬುದು ಎಲ್ಲ ಕಡೆಯೂ ಮುಖ್ಯ.

ನನ್ನ ನಿಜವಾದ ತೊಡಕು ಶುರುವಾಗುವುದು ‘ಬಂಡಾಯ, ಯಾರ ವಿರುದ್ಧ?’ ಎಂಬಲ್ಲಿ. 1381ರವರು ರಾಜನ ವಿರುದ್ಧ ಎದ್ದಿದ್ದೇವೆ ಎಂದು ಹೇಳಿಕೊಳ್ಳಲೇ ಇಲ್ಲ. ದಾರಿಯಲ್ಲಿ ಸಿಕ್ಕವರನ್ನು ‘ನೀನು ಯಾರ ಕಡೆ?’ ಎಂದು ಕೇಳುತ್ತಿದ್ದರು. ‘ರಿಚರ್ಡ್ ದೊರೆಯ ಕಡೆ, ನಿಜವಾದ ಕಾಮನ್ಸ್ (ಎಂದರೆ ಸಾಮಾನ್ಯ ಜನರ) ಕಡೆ’ ಎಂಬ ಉತ್ತರ ಬರಬೇಕಿತ್ತು. ರಿಚರ್ಡ್ ಆಗ 14ರ ಹುಡುಗ. ಅವರ ಸಿಟ್ಟೆಲ್ಲ ಅವನ ಸುತ್ತ ಇದ್ದವರ ಮೇಲೆ. ಜೂನ್ 13ರಂದು ರಾಜನ ಚಿಕ್ಕಪ್ಪ ಜಾನ್ ಆಫ್ ಗಾಂಟ್‌ನ ಸವಾಯ್ ಅರಮನೆ ಸುಟ್ಟರು. ಮರುದಿನ ಮೈಲ್ ಎಂಡ್ ಬಯಲಲ್ಲಿ ರಾಜನನ್ನೇ ಕಂಡು ಎರಡು ಮಾತು ಕೇಳಿದರು. ಒಂದು, ಬಿಟ್ಟಿ ಒಕ್ಕಲುತನ ತೆಗೆಯಬೇಕು. ಎರಡು, ದ್ರೋಹಿಗಳನ್ನು ನಮ್ಮ ಕೈಗೆ ಕೊಡಬೇಕು. ಮೊದಲನೆಯದಕ್ಕೆ ರಾಜ ಒಪ್ಪಿ ಪತ್ರ ಬರೆಸಿಕೊಟ್ಟ. ದ್ರೋಹ ಕಾನೂನಿನ ಪ್ರಕಾರ ಸಾಬೀತಾದರೆ ಶಿಕ್ಷೆ ಆಗುತ್ತದೆ ಎಂದ. ಅದೇ ದಿನ ಟವರ್ ಕೋಟೆಗೆ ನುಗ್ಗಿದ ಗುಂಪು ಚಾನ್ಸಲರ್ (ರಾಜನ ಹಿರಿಯ ಮಂತ್ರಿ) ಆಗಿದ್ದ ಆರ್ಚ್‌ಬಿಷಪ್ ಸೈಮನ್ ಸಡ್‌ಬರಿಯನ್ನೂ ಖಜಾನೆ ನೋಡಿಕೊಳ್ಳುತ್ತಿದ್ದ ರಾಬರ್ಟ್ ಹೇಲ್ಸ್‌ನನ್ನೂ ಎಳೆದು ತಂದು ತಲೆ ಕಡಿಯಿತು.

ಇಲ್ಲಿ ಸ್ವಲ್ಪ ನಿಂತು ನೋಡಿ. 1352ರ ಟ್ರೀಸನ್ ಕಾನೂನಿನಲ್ಲಿ, ಕೆಲಸದ ಮೇಲಿರುವ ಚಾನ್ಸಲರ್ ಅಥವಾ ಖಜಾನೆಯ ಮುಖ್ಯಸ್ಥನನ್ನು ಕೊಲ್ಲುವುದೂ ರಾಜದ್ರೋಹ. ಎದ್ದವರ ಲೆಕ್ಕದಲ್ಲಿ ಆ ಇಬ್ಬರೇ ರಾಜದ್ರೋಹಿಗಳು, ಸರ್ಕಾರದ ಲೆಕ್ಕದಲ್ಲಿ ಅವರ ತಲೆ ಕಡಿದವರು. ಎರಡೂ ಕಡೆಯವರು ಹಿಡಿದದ್ದು ಒಂದೇ ಪದ. ಜೂನ್ 15ರಂದು ಸ್ಮಿತ್‌ಫೀಲ್ಡ್‌ನಲ್ಲಿ ಟೈಲರ್ ಸತ್ತ. ಜುಲೈ ಶುರುವಿನಲ್ಲಿ ರಾಜ ಕೊಟ್ಟ ಪತ್ರಗಳೆಲ್ಲ ರದ್ದಾದವು. ದಾಖಲೆಯಲ್ಲಿ ಸರ್ಕಾರದ ಅರ್ಥ ಮಾತ್ರ ಉಳಿಯಿತು.

ಇದನ್ನೆಲ್ಲ ಯೋಚಿಸಿದ ಮೇಲೆ ‘ಬಂಡಾಯ’ವೇ ವಾಸಿ ಅನಿಸುತ್ತಿದೆ. ನಮ್ಮ ಚುನಾವಣೆಯ ‘ಬಂಡಾಯ ಅಭ್ಯರ್ಥಿ’ಯನ್ನು ನೆನೆಯಿರಿ. ನಾನು ಪಕ್ಷದ ವಿರುದ್ಧ ಅಲ್ಲ, ನಿಜವಾದ ನಿಷ್ಠ ನಾನೇ, ಟಿಕೆಟ್ ತಪ್ಪಿಸಿದವರ ವಿರುದ್ಧ ಮಾತ್ರ ನನ್ನ ಹೋರಾಟ ಎನ್ನುತ್ತಾನೆ. ಒಳಗಿದ್ದುಕೊಂಡೇ ತಿರುಗಿ ಬೀಳುವ ಈ ಅರ್ಥ ಕನ್ನಡದ ಬಂಡಾಯಕ್ಕೆ ಸಲೀಸಾಗಿ ಒಗ್ಗಿದೆ. ದಂಗೆಗೆ ಅದು ಒಗ್ಗುವುದಿಲ್ಲ.

1549ರ ಕೆಟ್ ಬಂಡಾಯಕ್ಕೂ ಇದೇ ಸರಿ ಹೋಗುತ್ತದೆ. ನಾರ್ಫೋಕ್‌ನಲ್ಲಿ ಊರ ಗೋಮಾಳಕ್ಕೆ ಜಮೀನುದಾರರು ಬೇಲಿ ಹಾಕಿಕೊಂಡದ್ದು ಅದರ ಮೂಲ. (‘ಕಾಮನ್’ ಎಂಬ ನೆಲಕ್ಕೆ ‘ಸಾಮುದಾಯಿಕ ಭೂಮಿ’ ಎಂದೆಲ್ಲ ಬರೆಯುವುದು ಯಾಕೆ? ಗೋಮಾಳ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.) ರಾಬರ್ಟ್ ಕೆಟ್ ಸ್ವತಃ ಜಮೀನುಳ್ಳವನು. ಜನ ತನ್ನ ಬೇಲಿ ಕೀಳಲು ಬಂದಾಗ ಅವರ ಮಾತು ಒಪ್ಪಿ ಅವರ ಮುಂದಾಳಾದ. ನಾರ್ವಿಚ್ ಪಕ್ಕದ ಮೌಸ್‌ಹೋಲ್ಡ್ ಬಯಲಲ್ಲಿ ವಾರಗಟ್ಟಲೆ ಬೀಡುಬಿಟ್ಟು, ಓಕ್ ಮರದ ಕೆಳಗೆ ಕೂತು ರಾಜನ ಹೆಸರಿನಲ್ಲೇ ನ್ಯಾಯ ತೀರ್ಮಾನ ಮಾಡುತ್ತಿದ್ದ. ಅವನನ್ನೂ ರಾಜದ್ರೋಹಿ ಎಂದು ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಿದರು. 1536ರಲ್ಲಿ ಮಠಗಳನ್ನು ಮುಚ್ಚುವುದರ ವಿರುದ್ಧ ಯಾರ್ಕ್‌ಶೈರ್ ಕಡೆ ಎದ್ದವರಂತೂ ತಮ್ಮ ಚಳವಳಿಗೆ ‘ಯಾತ್ರೆ’ ಎಂದೇ ಹೆಸರಿಟ್ಟುಕೊಂಡಿದ್ದರು. ಅವರು ಇಟ್ಟ ಹೆಸರನ್ನು ನಾನು ಬದಲಿಸುವುದಿಲ್ಲ. ‘ಕೃಪಾಯಾತ್ರೆ’ ಎಂದು ಬರೆಯುತ್ತೇನೆ.

ಇನ್ನು ‘ಟ್ರೀಸನ್’. ‘ರಾಜದ್ರೋಹ’ ಎಂದು ಬರೆದರೆ ನಮ್ಮ ಓದುಗರಿಗೆ 1870ರಲ್ಲಿ ಬ್ರಿಟಿಷರು ದಂಡಸಂಹಿತೆಗೆ ಸೇರಿಸಿದ 124ಎ ನೆನಪಾಗುತ್ತದೆ. ಅದು ಸೆಡಿಷನ್, ಮಾತು-ಬರಹದ ಅಪರಾಧ. ಟ್ರೀಸನ್ ಬೇರೆ. 1352ರ ಕಾನೂನು ಅದರಲ್ಲೇ ಎರಡು ಬಗೆ ಮಾಡಿತ್ತು. ರಾಜನನ್ನು ಕೊಲ್ಲಲು ಸಂಚು ಹೂಡುವುದು, ಅವನ ಮೇಲೆ ಯುದ್ಧ ಮಾಡುವುದು, ಖೋಟಾ ನಾಣ್ಯ ಹೊಡೆಯುವುದು ದೊಡ್ಡದು. ಆಳು ಒಡೆಯನನ್ನು, ಹೆಂಡತಿ ಗಂಡನನ್ನು ಕೊಂದರೆ ಚಿಕ್ಕದು. ದೊಡ್ಡದಕ್ಕೆ ರಾಜದ್ರೋಹ, ಚಿಕ್ಕದಕ್ಕೆ ನಮ್ಮ ಹಳೆಯ ‘ಸ್ವಾಮಿದ್ರೋಹ’ ಇಟ್ಟುಕೊಂಡು, ಸೆಡಿಷನ್‌ಗೆ ಬೇರೆ ಪದ ಹುಡುಕಿದರೆ ಹೇಗೆ?

ನನಗೆ ಕನ್ನಡದಲ್ಲಿ ಏನೂ ಸಿಗದಿರುವುದು ‘ಅಟೇಂಡರ್’ಗೆ. ವಿಚಾರಣೆಯೇ ಇಲ್ಲದೆ, ಇಂಥವನು ದ್ರೋಹಿ ಎಂದು ಪಾರ್ಲಿಮೆಂಟು ಶಾಸನ ಮಾಡಿಬಿಡುವುದು. ಆಸ್ತಿ ರಾಜನ ಪಾಲಾಗುತ್ತದೆ, ಅವನ ರಕ್ತವೇ ಕೆಟ್ಟಿತು ಎಂದು ಮಕ್ಕಳಿಗೂ ಬಿರುದು, ಜಮೀನು ತಪ್ಪುತ್ತದೆ. ಇದರ ಬಲ ಎಷ್ಟಿತ್ತು ಎನ್ನುವುದಕ್ಕೆ 1485 ನೋಡಿ. ಬಾಸ್‌ವರ್ತ್ ಕಾಳಗ ನಡೆದದ್ದು ಆಗಸ್ಟ್ 22ರಂದು. ಗೆದ್ದ ಏಳನೇ ಹೆನ್ರಿ ತನ್ನ ಆಳ್ವಿಕೆ 21ಕ್ಕೇ ಶುರುವಾಯಿತು ಎಂದು ದಾಖಲಿಸಿದ. ಅಲ್ಲಿಗೆ, ಅಂದಿನ ರಾಜ ಮೂರನೇ ರಿಚರ್ಡ್‌ನ ಪರ ನಿಂತು ಕಾದಾಡಿದವರೇ ಹೊಸ ರಾಜನಿಗೆ ದ್ರೋಹ ಬಗೆದವರಾದರು. ಅವರ ಜಮೀನು ಹೋಯಿತು.

‘ಅಟೇಂಡರ್’ ಎಂದು ಹಾಗೇ ಬರೆದರೆ ಮಕ್ಕಳು ಕಚೇರಿಯ ಅಟೆಂಡರ್ ಎಂದು ಓದುತ್ತಾರೆ. ‘ಜಪ್ತಿ’, ‘ಮುಟ್ಟುಗೋಲು’ ಆಸ್ತಿಗೆ ಮಾತ್ರ ಸರಿ, ಮಕ್ಕಳ ಹಕ್ಕು ಹೋದದ್ದು ಅದರಲ್ಲಿ ಬರುವುದಿಲ್ಲ. ‘ದ್ರೋಹ ಶಾಸನ’ ಎಂದರೆ 1352ರ ಕಾನೂನಿನ ಜೊತೆ ಗೊಂದಲ ಆಗುತ್ತದೆ. ದ್ರೋಹಿಯ ಮಾನ್ಯ, ವತನ ಎಲ್ಲ ಕಿತ್ತುಕೊಂಡು ಮನೆತನವನ್ನೇ ಹಕ್ಕಿನಿಂದ ಹೊರಗಿಡುವುದಕ್ಕೆ ನಮ್ಮ ಶಾಸನ, ಕೈಫಿಯತ್ತು, ಹಳೆಯ ಕಡತಗಳಲ್ಲಿ ಯಾವುದಾದರೂ ಪದ ಕಂಡದ್ದಿದ್ದರೆ ದಯವಿಟ್ಟು ಬರೆಯಿರಿ. ಆ ಪದ ಬಂದಿರುವ ಸಾಲನ್ನೂ ಜೊತೆಗೆ ಕೊಟ್ಟರೆ ಬಳಸುವುದಕ್ಕೆ ಧೈರ್ಯ ಬರುತ್ತದೆ.