‘ಅಂದರೆ…’ ಎಂದು ಸೇರಿಸುವ ಮಾತಿಗೆ ಹೆಸರೇನು?

ಪ್ರಶ್ನೆ: ಮಲ್ಪೆ_ಕರಡು

ನಮಸ್ಕಾರ. ಮೀನುಗಾರಿಕೆ ನಿಷೇಧದ ಬಗ್ಗೆ ಮೀನುಗಾರರಿಗೆ ಹಂಚುವ ಒಂದು ಕರಪತ್ರದ ಕರಡಿನಲ್ಲಿ ಈ ವಾಕ್ಯವಿದೆ:

“ನಿಷೇಧದ ಅವಧಿಯಲ್ಲಿ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಜೂನ್ 1ರಿಂದ ಜುಲೈ 31, ಅಂದರೆ ಯಾಂತ್ರಿಕ ದೋಣಿಗಳು ಮುಂತಾದವು.”

ಸೇರಿಸಿದ ಪದಗಳೆಲ್ಲ ಬೇಕಾದವೇ, ಆದರೂ ಓದಿದರೆ ಗೊಂದಲ. ಹೇಳಿದ ಮಾತಿಗೆ ಹೀಗೆ ಬಿಡಿಸಿ ಹೇಳುವ ಪದ ಜೋಡಿಸುವುದಕ್ಕೆ ಗ್ರೀಕ್ ಮೂಲದ ಅಪರೂಪದ ಹೆಸರೊಂದಿದೆ. ಅದು ಯಾವುದು? ಕನ್ನಡದಲ್ಲಿ ಏನನ್ನಬಹುದು? ಜೋಡಿಸುವುದಕ್ಕೆ ಕ್ರಮ ಏನಾದರೂ ಇದೆಯೇ?

ಉತ್ತರ: ಪದಚ್ಛೇದ

ಅದು ‘ಎಪೆಕ್ಸೆಜೆಸಿಸ್’. ‘ಎಕ್ಸೆಜೆಸಿಸ್’ ಎಂದರೆ ವಿವರಣೆ; ಅದರ ಮೊದಲಿಗೆ ಸೇರಿದ ‘ಎಪಿ’ಗೆ ಇಲ್ಲಿ ‘ಅದರ ಮೇಲೆ ಮತ್ತೂ’ ಎಂಬ ಅರ್ಥ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೇ ಅಧ್ಯಾಯ, 18ನೇ ವಚನ ನೋಡಿ. ‘ನನ್ನಲ್ಲಿ’ ಎಂದ ಪೌಲನು ಅಲ್ಲಿಯೇ ನಿಂತು ‘ಅಂದರೆ ನನ್ನ ಶರೀರದಲ್ಲಿ’ ಎಂದು ಸೇರಿಸಿ, ಆಮೇಲೆ ಒಳ್ಳೆಯದೇನೂ ಇಲ್ಲ ಎನ್ನುತ್ತಾನೆ. ಸೇರಿಸಿದ ಆ ಮೂರು ಪದ ಬಿಟ್ಟರೆ ಇಡೀ ಮನುಷ್ಯನನ್ನೇ ತಳ್ಳಿಹಾಕಿದಂತಾಗುತ್ತದೆ. ಗ್ರೀಕ್ ವ್ಯಾಕರಣದಲ್ಲೂ ಈ ಹೆಸರು ಓಡಾಡುತ್ತದೆ. ಹೋಮರನಲ್ಲಿ ಬರುವ ‘ನೋಡಲು ಅಚ್ಚರಿ’ ಎಂಬ ಮಾತಿನ ‘ನೋಡಲು’ ಅಂಥದ್ದು. ನಮ್ಮ ‘ಕೇಳಲು ಇಂಪು’ ಕೂಡ ಅದೇ ಜಾಡಿನದು. ಇಂಪು ಯಾವುದಕ್ಕೆ ಎಂದು ಬಿಡಿಸುತ್ತದೆ.

ನಿಮ್ಮ ವಾಕ್ಯ ಕೆಟ್ಟಿರುವುದು ಮುಖ್ಯವಾಗಿ ಜಾಗದಿಂದ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಇಳಿಯುವಂತಿಲ್ಲ’ ಎಂದಾಗಲೇ ಓದುವವರ ಮನಸ್ಸಿನಲ್ಲಿ ವಾಕ್ಯ ಮುಗಿಯಿತು. ಆಮೇಲೆ ಬಂದ ತಾರೀಖು ಯಾವುದಕ್ಕೆ ಅಂಟಬೇಕೆಂದು ತಿಳಿಯದೆ ತೇಲುತ್ತದೆ. ಮಾತಿನಲ್ಲಿ ಇದು ನಡೆಯುತ್ತದೆ, ‘ಬಂದಿದ್ದರು ಮಾರಾಯ್ರೆ, ನಿನ್ನೆ, ಬಸ್ಸಲ್ಲಿ’ ಎಂದರೆ ದನಿಯೇ ದಾರಿ ತೋರಿಸುತ್ತದೆ. ಬರೆಹದಲ್ಲಿ ಆ ದನಿ ಇಲ್ಲ. ಹಾಗಾಗಿ ವಿವರಣೆಯ ಪದ ತಾನು ಬಿಡಿಸುವ ಪದಕ್ಕೆ ತಾಗಿಯೇ, ಎರಡು ಅಲ್ಪವಿರಾಮಗಳ ನಡುವೆ ಕೂರಬೇಕು.

ಎರಡನೆಯದು ವಿಭಕ್ತಿ. ‘ಮಲ್ಪೆಯಲ್ಲಿ, ಅಂದರೆ ಬಂದರಿನಲ್ಲಿ’ ಸರಿ. ‘ಮಲ್ಪೆಯಲ್ಲಿ, ಅಂದರೆ ಬಂದರು’ ಎಂದರೆ ಮಲ್ಪೆ ಎಂಬ ಪದಕ್ಕೇ ಬಂದರು ಎಂಬ ಅರ್ಥ ಕೊಟ್ಟ ಹಾಗೆ ಕೇಳುತ್ತದೆ.

ಇನ್ನು ‘ಅಂದರೆ’ ಮತ್ತು ‘ಮುಂತಾದವು’ ಒಟ್ಟಿಗೆ ಇರಲಾರವು. ‘ಅಂದರೆ’ ಬೇಲಿ ಹಾಕುತ್ತದೆ, ‘ಮುಂತಾದವು’ ಅದೇ ಬೇಲಿಯನ್ನು ತೆರೆದಿಡುತ್ತದೆ. ಪಟ್ಟಿ ಪೂರ್ತಿ ಗೊತ್ತಿದ್ದರೆ ‘ಅಂದರೆ’. ಕೆಲವನ್ನು ಮಾತ್ರ ಹೆಸರಿಸುವುದಾದರೆ ‘ಉದಾಹರಣೆಗೆ’. ನಿಷೇಧದ ಕರಪತ್ರದಲ್ಲಿ ‘ಮುಂತಾದವು’ ಎಂದು ಬರೆದರೆ ನಾಡದೋಣಿಯವನು ತನಗೂ ಬಾಧಕವೇ ಎಂದು ತಿಳಿಯದೆ ದಡದಲ್ಲೇ ನಿಲ್ಲುತ್ತಾನೆ. ಇದು ಬರೀ ಭಾಷೆಯ ತಪ್ಪಲ್ಲ.

ಉತ್ತರ: ಅಧಿಕಪದ

ಒಂದು ಎಚ್ಚರಿಕೆ. ಸೇರಿಸಿದ ಪದ ಎಲ್ಲ ವಿವರಣೆಯಾಗುವುದಿಲ್ಲ. ನಮ್ಮ ಅಲಂಕಾರಶಾಸ್ತ್ರದಲ್ಲಿ ಪುನರುಕ್ತಿ, ಅಧಿಕಪದ ಇವು ದೋಷಗಳು. ‘ನಡುಮಧ್ಯದಲ್ಲಿ’ ಎಂಬಲ್ಲಿ ‘ಮಧ್ಯ’ ಏನನ್ನೂ ಬಿಡಿಸುವುದಿಲ್ಲ. ಆದರೆ ಹೆಚ್ಚುವರಿಯಾಗಿ ಕಾಣುವ ಪದ ಯಾವಾಗ ಸಲ್ಲುತ್ತದೆ ಎಂಬುದನ್ನು ಕಾಶ್ಮೀರದ ವಾಮನ ‘ಕಾವ್ಯಾಲಂಕಾರಸೂತ್ರವೃತ್ತಿ’ಯಲ್ಲಿ ಬಹಳ ಸೂಕ್ಷ್ಮವಾಗಿ ನೋಡಿದ್ದಾನೆ. ‘ಅವತಂಸ’ ಎಂದರೆ ಸಾಕು, ಅದು ಕಿವಿಯ ಆಭರಣವೇ. ಹಾಗಿದ್ದರೆ ‘ಕರ್ಣಾವತಂಸ’ ಯಾಕೆ? ಆಭರಣ ಪೆಟ್ಟಿಗೆಯಲ್ಲಿಲ್ಲ, ಈಗ ಕಿವಿಯಲ್ಲಿದೆ ಎಂದು ತಿಳಿಸಲು. ‘ಜ್ಯಾ’ ಎಂದರೇ ಬಿಲ್ಲಿನ ಹೆದೆ. ‘ಧನುರ್ಜ್ಯಾ’ ಎಂದಾಗ ಹೆದೆ ಬಿಲ್ಲಿಗೆ ಏರಿದೆ ಎಂದು ಅರ್ಥ. ‘ಮುಕ್ತಾಹಾರ’ದಲ್ಲಿ ಮುತ್ತು ಎಂದದ್ದು ಬೇರೆ ರತ್ನ ಬೆರೆತಿಲ್ಲ ಎಂಬುದಕ್ಕೆ, ‘ಪುಷ್ಪಮಾಲೆ’ಯಲ್ಲಿ ಹೂ ಎಂದದ್ದು ಹೂವಿನ ಹೆಚ್ಚುಗಾರಿಕೆಗೆ.

ಪರೀಕ್ಷೆ ಅಲ್ಲೇ ಇದೆ. ಪದ ತೆಗೆದು ಓದಿ. ವಾಕ್ಯ ಕುಸಿದರೆ ಅದು ವಿವರಣೆಯಲ್ಲ, ವಾಕ್ಯದ ಅಂಗ. ಏನೂ ಆಗದಿದ್ದರೆ ಪುನರುಕ್ತಿ, ಹೊಡೆದುಹಾಕಿ. ವಾಕ್ಯ ನಿಂತು, ಅರ್ಥ ಮಾತ್ರ ಸಡಿಲವಾದರೆ ಪದ ಉಳಿಯಲಿ. ಸೇರಿಸಿದ್ದು ಮೊದಲು ಹೇಳಿದ್ದನ್ನು ಅಲ್ಲಗಳೆಯುತ್ತಿದ್ದರೆ (‘ನೂರು ಜನ, ಅಲ್ಲ, ಇನ್ನೂರು ಜನ’) ಅದು ತಿದ್ದುಪಡಿ. ಗ್ರೀಕರು ಅದಕ್ಕೆ ‘ಎಪನಾರ್ಥೋಸಿಸ್’ ಎಂಬ ಬೇರೆಯೇ ಹೆಸರಿಟ್ಟಿದ್ದಾರೆ.

ಉತ್ತರ: ರಥಬೀದಿ

ಹೆಸರಿನ ವಿಷಯಕ್ಕೆ ಬರುತ್ತೇನೆ. ‘ಎಪೆಕ್ಸೆಜೆಸಿಸ್’ಗೆ ಅಕ್ಷರಶಃ ಹೊಂದುವ ಪದ ಉಡುಪಿಯವರ ಬಾಯಲ್ಲೇ ಇದೆ: ಅನುವ್ಯಾಖ್ಯಾನ. ಮಧ್ವಾಚಾರ್ಯರು ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆದದ್ದು ಸಾಲದೆಂದು ಅದನ್ನು ಮತ್ತೂ ಬಿಡಿಸಿ ಪದ್ಯದಲ್ಲಿ ಬರೆದದ್ದೇ ‘ಅನುವ್ಯಾಖ್ಯಾನ’; ಅದರ ಮೇಲೆ ಜಯತೀರ್ಥರ ‘ನ್ಯಾಯಸುಧಾ’. ಆದರೆ ಈ ಕಾರಣಕ್ಕೇ ಆ ಪದ ಇಲ್ಲಿ ಬೇಡ ಎನ್ನುತ್ತೇನೆ. ನಮ್ಮೂರಲ್ಲಿ ಅದನ್ನು ಕೇಳಿದವರ ಮನಸ್ಸಿಗೆ ಬರುವುದು ಆ ಗ್ರಂಥ, ಎರಡು ಅಲ್ಪವಿರಾಮಗಳ ನಡುವಿನ ನಾಲ್ಕು ಪದವಲ್ಲ. ‘ಅನುವಿವರಣೆ’ ಎನ್ನಿ, ಹಗುರವಾಗಿದೆ, ಅರ್ಥವೂ ಹೊಂದುತ್ತದೆ. ‘ಅಧ್ಯಾಹಾರ’ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಅದು ವಾಕ್ಯದಲ್ಲಿ ಬಿಟ್ಟುಹೋದ ಪದವನ್ನು ಓದುವವರು ತಂದುಕೊಳ್ಳುವುದು.

ಪ್ರಶ್ನೆ: ಮಲ್ಪೆ_ಕರಡು

ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಹೇಳುವ ಅರ್ಥವೂ ಅನುವಿವರಣೆಯೇ?

ಉತ್ತರ: ರಥಬೀದಿ

ಇಡಿಯಾಗಿ ಅಲ್ಲ. ಪದ್ಯದ ಪದವನ್ನು ಬಿಡಿಸುವ ಮೊದಲ ಒಂದೆರಡು ವಾಕ್ಯ ಹೌದು. ಅರ್ಥಧಾರಿ ವಾದಕ್ಕೆ ಇಳಿದು, ಎದುರಿನ ಪಾತ್ರಕ್ಕೆ ಸವಾಲು ಹಾಕಿದ ಮೇಲೆ ಅದು ವಿಸ್ತಾರ. ಅಲ್ಲಿ ಪದ್ಯದಲ್ಲಿಲ್ಲದ ಹೊಸ ಮಾತು ಹುಟ್ಟುತ್ತದೆ. ಅನುವಿವರಣೆ ಹೊಸದನ್ನು ಹುಟ್ಟಿಸುವುದಿಲ್ಲ.

ಪ್ರಶ್ನೆ: ಮಲ್ಪೆ_ಕರಡು

ತಿದ್ದಿದ್ದು ಹೀಗೆ:

“ನಿಷೇಧದ ಅವಧಿಯಲ್ಲಿ, ಅಂದರೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ, ದೋಣಿಗಳು, ಅಂದರೆ ಯಾಂತ್ರಿಕ ದೋಣಿಗಳು ಹಾಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ನಾಡದೋಣಿಗಳು, ಕಡಲಿಗೆ ಇಳಿಯುವಂತಿಲ್ಲ.”

ಉತ್ತರ: ಪದಚ್ಛೇದ

ಅರ್ಥ ಈಗ ಗಟ್ಟಿಯಾಗಿದೆ. ಆದರೆ ಒಂದೇ ವಾಕ್ಯದಲ್ಲಿ ಎರಡು ‘ಅಂದರೆ’ ಬಂದು ಉಸಿರು ಕಟ್ಟುತ್ತದೆ. ‘ದೋಣಿಗಳು, ಅಂದರೆ’ ಎಂಬ ಎರಡು ಪದ ತೆಗೆದು, ನೇರವಾಗಿ ‘ಯಾಂತ್ರಿಕ ದೋಣಿಗಳು ಹಾಗೂ…’ ಎಂದೇ ಶುರು ಮಾಡಿ. ತಾರೀಖಿನ ‘ಅಂದರೆ’ ಇರಲಿ. ‘ನಿಷೇಧದ ಅವಧಿ’ ಎಂಬ ಮಾತು ಎಲ್ಲರಿಗೂ ಪರಿಚಿತ, ದಿನದ ಲೆಕ್ಕ ಎಲ್ಲರಿಗೂ ನೆನಪಿರುವುದಿಲ್ಲ.